ನಾನೂರ ಅರವತ್ತು ಗ್ರಾಂ

ಭಾನುವಾರ ಎತ್ತಿನಭುಜ ಹತ್ತುವುದೆಂದು
ಹೆರಿಗೆ ವಾರ್ಡಿನ ನಾವು ಆರು ಜನ ಹೆಸರು ಕೊಟ್ಟಾಗಿತ್ತು.
ಕಾಲಿಗೇನು ಎಂದು ಯಾರೂ ಕೇಳಲಿಲ್ಲ,
ನನ್ನ ಕಾಲೇ ಕೇಳಿತು, ಬುಧವಾರದ ರಾತ್ರಿ ಪಾಳಿಯಲ್ಲಿ.

ಲ್ಯಾಬಿನ ತೇಜಾಕ್ಷ ತನ್ನ ಬೂಟು ತಂದುಕೊಟ್ಟ,
ಅವನದೂ ನನ್ನದೂ ಒಂದೇ ಅಳತೆ, ಏಳು.
ಹಿಮಾಲಯಕ್ಕೆಂದು ಕೊಂಡದ್ದಂತೆ, ಹನ್ನೊಂದು ಸಾವಿರ.
ಹಿಮಾಲಯವನ್ನು ಇನ್ನೂ ಕಂಡಿಲ್ಲ
ಬೂಟೂ, ಅವನೂ.

ಗಂಟೆ ಮೂರು. ವಾರ್ಡಿಗೆ ಜೊಂಪು.
ಕೂಸು ತೂಗುವ ತಕ್ಕಡಿಗೆ ಹಳೇ ಪೇಪರು ಹಾಸಿ
ಜೋಡಿಯನ್ನು ಮಲಗಿಸಿದೆ.
ಸಾವಿರದ ಆರುನೂರ ನಲವತ್ತು.
ಏಳು ತಿಂಗಳಿಗೇ ಅವಸರಪಟ್ಟು ಬಂದ ಕೂಸು!
ಇದನ್ನು ಎದೆಗಲ್ಲ, ಪಾದಕ್ಕೆ ಕಟ್ಟಿಕೊಂಡು
ಎತ್ತಿ ಇಳಿಸಿ, ಎತ್ತಿ ಇಳಿಸಿ
ಎಷ್ಟು ಸಾವಿರ ಹೆಜ್ಜೆ?
ಆಯಾ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ನೋಡಿದಳು.
'ನಾವು ಬರಿಗಾಲಲ್ಲೇ ಗುಡ್ಡ ಸುತ್ತಿದೋರು ಕಣ್ ಸಿಸ್ಟರ್,
ಅದ್ನೂ ಒಂದಪ ತೂಗಿ.'

ಬೆಳಿಗ್ಗೆ ಪಾಳಿ ಮುಗಿಸಿ, ಅಂಗಡಿ ತೆಗೆಯುವವರೆಗೆ ಕಾದು,
ಕಟ್ಟಿನಕೆರೆ ಮಾರ್ಕೆಟ್ಟಿನ ಬದಿ, ಇಮ್ತಿಯಾಜನ ಬಳಿ ಹೋದೆ.
ಹನ್ನೆರಡು ಗಂಟೆ ನಿಂತ ಕಾಲು ಊದಿತ್ತು.
ಒಳ್ಳೆಯದೇ ಆಯಿತು.
ಗುಡ್ಡದ ಮೇಲೆ ಇರುವುದು ಈ ಕಾಲೇ,
ಸ್ನಾನ ಮಾಡಿ ಪೌಡರು ಹಾಕಿಕೊಂಡ ಕಾಲಲ್ಲ.

'ವಾಟರ್‌ಪ್ರೂಫ್ ಇದೆ ಸಿಸ್ಟರ್, ಮೂರೂವರೆ ಸಾವಿರ.
ಒಂದು ತೊಟ್ಟು ಒಳಗೆ ಬರಲ್ಲ.'
ಮೇಲಿನಿಂದ ಬಂದರೆ?
ಹೊಳೆ ದಾಟುವಾಗ ತುಂಬಿಕೊಂಡರೆ
ಹೊರಗೆ ಹೋಗುವುದು ಎಲ್ಲಿಂದ?
ಇಮ್ತಿಯಾಜ ಡಬ್ಬಿ ಮುಚ್ಚಿದ.

ಒಂದೊಂದನ್ನೇ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದೆ.
ಇಪ್ಪತ್ತೆರಡು ವರ್ಷದ ಅಂಗೈ ಇದು.
'ಏಳುನೂರ ಎಂಬತ್ತು' ಅಂದೆ.
ನಂಬದೆ ಪಕ್ಕದ ಬೆಲ್ಲದಂಗಡಿಗೆ ಒಯ್ದ,
ಏಳುನೂರ ಎಪ್ಪತ್ತೈದು.
ಸೊಪ್ಪಿನವರೂ ತಕ್ಕಡಿಯ ಸುತ್ತ ಸೇರಿದರು.
'ಇದು? ಇದು?' ಒಬ್ಬಳಂತೂ
ತನ್ನ ಕುಂಬಳಕಾಯನ್ನೇ ನನ್ನ ಕೈಗೆ ಕೊಟ್ಟಳು.

ಕೊನೆಗೆ ಅಟ್ಟದ ಮೂಲೆಯಿಂದ ಧೂಳಿನ ಡಬ್ಬಿಯೊಂದು ಇಳಿಯಿತು:
ಹಸಿರು ಕ್ಯಾನ್ವಾಸು, ಗಟ್ಟಿ ಹಲ್ಲಿನ ರಬ್ಬರು.
'ತೋಟದೋರು, ಫಾರೆಸ್ಟ್ ಗಾರ್ಡುಗಳು ಒಯ್ತಾರೆ.
ಟ್ರೆಕ್ಕಿಂಗ್ ಅಂದೋರಿಗೆ ನಾನು ತೋರಿಸೋದೇ ಇಲ್ಲ,
ಮುನ್ನೂರ ಎಂಬತ್ತು ಅಂದ್ರೆ ಬೇಜಾರಾಗ್ತಾರೆ.'

ಬಗ್ಗಿಸಿದೆ, ಬೆರಳ ಬುಡದಲ್ಲೇ ಬಗ್ಗಿತು.
ಹಾಕಿ ನಿಂತೆ. ಹೆಬ್ಬೆರಳ ಮುಂದೆ
ಇನ್ನೊಂದು ಬೆರಳಿಗೆ ಜಾಗ. ಇಳಿಜಾರಿನಲ್ಲಿ
ಉಗುರು ಗೋಡೆಗೆ ಗುದ್ದುವುದಿಲ್ಲ.
ಅಂಗಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿಳಿದೆ,
ಗಿರಾಕಿಗಳು ದಾರಿ ಬಿಟ್ಟರು.

ತೂಕ ಕೇಳಿದ.
ಕೈಗೆ ಗೊತ್ತಿತ್ತು. ಬಾಯಿ ತಡೆಯಿತು.
ನಾನೂರ ಅರವತ್ತು.
ಐನೂರಕ್ಕೆ ಕಡಿಮೆಯದನ್ನು ನಾವು
ಹುಟ್ಟಿನ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.
ಅದಕ್ಕೆ ಬೇರೆ ಪುಸ್ತಕ, ಹೆಸರಿನ ಕಾಲಂ ಇಲ್ಲದ್ದು.
ಆ ಪುಸ್ತಕದ ಒಂದು ಸಾಲನ್ನು
ಬರೆದದ್ದು ಬೇರೆ ಸಿಸ್ಟರು,
ನಾನು ಆವತ್ತು ಮಂಚದ ಮೇಲಿದ್ದೆ.
ಅಂಗೈ ಮಾತ್ರ ಕೇಳಿ ತೆಗೆದುಕೊಂಡಿತ್ತು
ಒಂದೇ ಒಂದು ನಿಮಿಷ.

'ಸಿಸ್ಟರ್?' ಎಂದ ಇಮ್ತಿಯಾಜ.
ಪ್ಯಾಕ್ ಮಾಡಬೇಡ, ಹಾಕಿಕೊಂಡೇ ಹೋಗುತ್ತೇನೆ ಅಂದೆ.
ಚೌಕಾಸಿ ಮಾಡಲಿಲ್ಲ. ಅವನೇ ಮೂವತ್ತು ರೂಪಾಯಿ ಬಿಟ್ಟು
ಒಂದು ಜೊತೆ ಲಾಡಿಯನ್ನೂ ಸೇರಿಸಿದ.

ಶುಕ್ರವಾರ ರಾತ್ರಿ ವಾರ್ಡಿನಲ್ಲೇ ಪಳಗಿಸುತ್ತಿದ್ದೇನೆ,
ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ.
ಚಪ್ಪಲಿಯ ಸಪ್ಪಳಕ್ಕೆ ಬೆಚ್ಚಿ ಅಳುತ್ತಿದ್ದ
ಹದಿನೇಳನೇ ಬೆಡ್ಡಿನ ಕೂಸು ಕಣ್ಣೇ ತೆರೆಯಲಿಲ್ಲ.
ಎಡಗಾಲ ಹಿಮ್ಮಡಿ ಒಂದಿಷ್ಟು ಕಚ್ಚುತ್ತಿದೆ.
ಹತ್ತಿ ಇದೆ, ಪ್ಲಾಸ್ಟರ್ ಇದೆ,
ಜಿಗಣೆಗೆ ಉಪ್ಪನ್ನು ಪುಟ್ಟತಾಯಮ್ಮನೇ ಕಟ್ಟಿಕೊಟ್ಟಿದ್ದಾಳೆ.
ಹತ್ತಿ ಇಟ್ಟು ಹತ್ತಿಬಿಡುತ್ತೇನೆ.