ಹಲ್ಲಿನ ಪಾಠ

ದುರ್ಗಿಗುಡಿಯ ಎರಡನೇ ಮಹಡಿ, ಕೆಳಗೆ ಕನ್ನಡಕದ ಅಂಗಡಿ.
ಅರ್ಜಿ ಕೊಡುವ ಹುಡುಗಿ ನನ್ನ ಬೈತಲೆಯ ಬಿಳಿ ನೋಡಿ
"ಮಗಳಿಗಾ ಅಮ್ಮ?" ಅಂದಳು.
"ನನಗೇ."
ಪೆನ್ನು ಒಂದು ಗಳಿಗೆ ನಿಂತು ಮತ್ತೆ ಬರೆಯಿತು:
ಜಲಜಾಕ್ಷಿ ಕೆ., ನಲವತ್ನಾಲ್ಕು.

ಮೂರು ಕಾಗದ ಹರವಿದಳು, ಗಿರಾಕಿ ಮುಂದೆ ಸೀರೆ ಬಿಚ್ಚಿದಂತೆ.
ಆರು ತಿಂಗಳದ್ದು, ಪ್ರಮಾಣಪತ್ರ.
ಒಂದು ವರ್ಷದ್ದು, ಡಿಪ್ಲೊಮಾ,
ವಾರಕ್ಕೆ ಎರಡು ಸಂಜೆ, ಭಾನುವಾರ ಪೂರ್ತಿ.
ಎರಡು ವರ್ಷದ್ದಕ್ಕೆ ಪಿಯುಸಿ ಬೇಕು. "ಆಗಿದೆಯಾ?"
ಅರ್ಧ ಆಗಿತ್ತು.
ಅರ್ಧಕ್ಕೆ ಅಂಕಪಟ್ಟಿ ಕೊಡುವುದಿಲ್ಲ.

"ಓದಿ ನೋಡಿ, ಶನಿವಾರ ವಾಪಸ್ ತನ್ನಿ" ಎಂದು
ಕೊಟ್ಟ ಮೂರು ಹಳೆ ಪುಸ್ತಕ ಮಡಿಲಲ್ಲಿಟ್ಟುಕೊಂಡು
ಸಿಟಿ ಬಸ್ಸಿನಲ್ಲಿ ಮಾಚೇನಹಳ್ಳಿ.
ಬಟ್ಟೆ ಕಾರ್ಖಾನೆಯ ಶಿಶುಪಾಲನಾ ಕೋಣೆ,
ಮೇಲೆ ಹೊಲಿಗೆ ಮಿಷನ್ನುಗಳ ಗಡಗಡ,
ಕೆಳಗೆ ಹತ್ತೊಂಬತ್ತು ಕೂಸು, ಹನ್ನೆರಡು ವರ್ಷದಿಂದ ನಾನು.
ಹಸಿವಿನ ಅಳು, ಕಿವಿನೋವಿನ ಅಳು, ಸುಮ್ಮನೆ ಬೇಜಾರಿನ ಅಳು
ಬೆನ್ನು ಹಾಕಿ ನಿಂತೂ ಬೇರೆ ಮಾಡಬಲ್ಲೆ,
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ.
ಅದನ್ನು ಬರೆಯಲು ಅರ್ಜಿಯಲ್ಲಿ ಇದ್ದದ್ದು ಒಂದೂವರೆ ಇಂಚು.

ಮೇಲ್ವಿಚಾರಕಿ ಸಿಸಿಲಿಯಾ ಮೇಡಂ: "ಚಿಕ್ಕದು ಸಾಕು ಕಣ್ರೀ,
ಗೊತ್ತಿರೋದಕ್ಕೆ ಒಂದು ಮೊಹರು ಬೀಳ್ಬೇಕು, ಅಷ್ಟೇ ತಾನೆ."
ಮಗಳು: "ಮೊದಲು ಪಿಯುಸಿ ಮುಗಿಸು, ದೊಡ್ಡದೇ ಮಾಡು,
ಯಾವಾಗ್ಲೂ ಯಾಕಮ್ಮ ಕೊನೇ ಬೆಂಚು?"
ಗಂಡ ಕಾಗದ ತಿರುಗಿಸಿ, ಹಿಂದಿದ್ದ ಶುಲ್ಕ ಓದಿ, ಮಡಚಿ ಕೊಟ್ಟ.
ಬೈಯಲಿಲ್ಲ.
ಸಕ್ಕರೆ ಹಾಕದ ಚಹಾವನ್ನು ಹಾಗೇ ಕುಡಿದ.

ಚಿಕ್ಕ ಪುಸ್ತಕ ನನ್ನ ಕೈ ನೋಡಿಯೇ ಬರೆದ ಹಾಗಿತ್ತು:
ಬೆರಳ ಸಂದಿ ತೊಳೆಯಿರಿ, ಕತ್ತಿಗೆ ಆಸರೆ ಕೊಡಿ,
ಹಾಲಿನ ಬಿಸಿ ಮುಂಗೈಗೆ ಬಿಟ್ಟುಕೊಂಡು ನೋಡಿ.
ಹೂಂ, ಹೂಂ ಎನ್ನುತ್ತ ತಿರುವಿದೆ,
ಹಳೇ ನೆರೆಯವಳು ಹಳೇ ಸುದ್ದಿ ಹೇಳುವಾಗಿನಂತೆ.
ದೊಡ್ಡದರ ಒಂದೊಂದು ಪದಕ್ಕೂ ನಿಂತು, ಉಸಿರು ತಗೊಂಡು,
ಮೂರನೇ ಸಾಲಿಗೆ ತೂಕಡಿಸಿದೆ.

ನಡುವಿನದು.
ಹನ್ನೊಂದನೇ ಪುಟ. ತಲೆಬರಹ: ಕಚ್ಚುವ ಮಗು.

ತೌಸೀಫ ನೆನಪಾದ.
ಕಾಜಾ ಹೊಲಿಯುವ ದಿಲ್‌ಶಾದಳ ಮಗ, ಒಂದೂ ಮುಕ್ಕಾಲು ವರ್ಷ,
ಪಕ್ಕದ ಕೂಸಿನ ತೋಳು ಕಂಡರೆ ಬಾಯಿ ಹಾಕುತ್ತಿದ್ದ.
ನಾನು ತುಟಿಗೆ ಬೆರಳಲ್ಲಿ ಬಡಿದು, "ಥೂ, ನಾಯಿಮರಿ" ಎಂದು,
ಮೂಲೆಗೆ ಕೂರಿಸಿ, ಖಾರದ ಪುಡಿ ಡಬ್ಬಿ ತೋರಿಸಿ...
ಬರೀ ತೋರಿಸಿದ್ದು. ಹಚ್ಚಲಿಲ್ಲ.
ತೋರಿಸಿದ್ದಾದರೂ ಯಾಕೆ.
ಕಚ್ಚುವುದು ನಿಂತಿತು. ಗೆದ್ದೆ ಅಂದುಕೊಂಡೆ.
ಆಮೇಲೆ ಅವನು, ಬಾಯಿಯ ಹತ್ತಿರ ಏನೇ ಬರಲಿ,
ಕೈ ಅಡ್ಡ ಹಿಡಿಯತೊಡಗಿದ.
ಬಾಳೆಹಣ್ಣಿಗೂ.

ಪುಸ್ತಕ ಯಾರನ್ನೂ ಬೈಯದೆ ಹೇಳಿತು:
ಮಾತಿಗಿಂತ ಮುಂಚೆ ಹಲ್ಲು ಬರುತ್ತದೆ.
ಮಗು ತನ್ನಲ್ಲಿ ಇರುವುದರಿಂದ ಹೇಳುತ್ತದೆ.
ಮೊದಲು ಅದರ ಎತ್ತರಕ್ಕೆ ಕುಳಿತುಕೊಳ್ಳಿ.

ದೀಪ ಆರಿಸಲಿಲ್ಲ.
ನನ್ನ ಎತ್ತರ ಯಾವುದೆಂದು
ಮೂರು ದಿನದಿಂದ ಮನೆಮಂದಿಯನ್ನೆಲ್ಲ ಕೇಳಿದ್ದೆ,
ಅಳತೆಪಟ್ಟಿ ಹಿಡಿದ ದರ್ಜಿಯ ಮುಂದೆ ನಿಂತವಳಂತೆ.
ಇವನೊಬ್ಬನನ್ನು ಕೇಳಿರಲಿಲ್ಲ.

ಶನಿವಾರ ನಡುವಿನ ಪುಸ್ತಕ ಇಟ್ಟುಕೊಂಡು
ಎರಡನ್ನು ಮೇಜಿನ ಮೇಲಿಟ್ಟೆ, ಮೊದಲ ಕಂತು ಎಣಿಸಿದೆ.
ಅನುಭವದ ಕಾಲಂನಲ್ಲಿ 'ಹನ್ನೆರಡು ವರ್ಷ' ಎಂದು ಬರೆದ ಮೇಲೂ
ಜಾಗ ಉಳಿದಿತ್ತು, ಅಷ್ಟು ಚಿಕ್ಕದರಲ್ಲೂ.
ತೌಸೀಫ್ ಎಂದು ಸೇರಿಸಿದೆ.

ಹುಡುಗಿ ಬಗ್ಗಿ ಓದಿದಳು. "ಯಾರಮ್ಮ ಇದು,
ನಿಮ್ಮ ಬಗ್ಗೆ ಹೇಳೋರಾ?"

ಹೂಂ ಅಂದೆ.
ಇನ್ನೂ ಸರಿಯಾಗಿ ಮಾತು ಬಂದಿಲ್ಲ ಅಂದೆ.