ಬಾಯಿ ತುಂಬ ಗುಂಡುಸೂಜಿ

ಏಳು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡವಳನ್ನು
ಯಾರೂ ಅಭಿಪ್ರಾಯ ಕೇಳುವುದಿಲ್ಲ.
ಹಾಗಾಗಿ ಪರದೆಯ ಹಿಂದೆ ನಾನು ಸುಖಿ.

ಘಾಟ್ಕೋಪರ, ಸಂಘದ ಸಭಾಂಗಣ, ಮೇ ತಿಂಗಳ ಭಾನುವಾರ.
ಮೇಲೆ ನಾಲ್ಕು ಫ್ಯಾನು, ತಿರುಗುವುದು ಎರಡು.
ರ‍್ಯಾಂಪಿಗೆ ದುಡ್ಡಿಲ್ಲವೆಂದು
ಹನ್ನೆರಡು ಬೆಂಚು ಉದ್ದಕ್ಕೆ ಜೋಡಿಸಿ, ಹಗ್ಗ ಬಿಗಿದು,
ಮೇಲೊಂದು ಜಮಖಾನೆ ಹಾಸಿದ್ದಾರೆ.
ಫೋರ್ಟಿನ ರಾತ್ರಿಶಾಲೆ ಮುಚ್ಚಿದ ವರ್ಷ
ಟೆಂಪೋ ಏರಿ ಬಂದ ಬೆಂಚುಗಳು.
ಹಾಸಿನ ಅಡಿಯಲ್ಲಿ ಕೈವಾರದ ಮುಳ್ಳಿನಿಂದ ಕೊರೆದ ಹೆಸರುಗಳು,
ಒಂದು ಕಡೆ ಹದಿನೇಳರ ಮಗ್ಗಿ, ಆರಕ್ಕೇ ನಿಂತದ್ದು.
ಹಗಲೆಲ್ಲ ಲೋಟ ತೊಳೆದ ಕೈಗಳ ಕೆತ್ತನೆ.

ಮೈಕು ಹಿಡಿದ ಐಶಾನಿ ಪರದೆ ಸರಿಸಿ ಕೇಳಿದಳು:
ಸಸ್ಟೇನೆಬಲ್ ಅಂದರೆ ಕನ್ನಡದಲ್ಲಿ ಏನು?
ಸುಸ್ಥಿರ, ಅಂದರು ಕಾರ್ಯದರ್ಶಿ ಕುಕ್ಯಾನರು,
ಅಂದು ತಾವೇ ಸ್ವಲ್ಪ ಅನುಮಾನಿಸಿದರು.
ಕೊನೆಯ ಹೊಲಿಗೆ ಹಾಕುತ್ತಿದ್ದ ನೀಲಗಂಗವ್ವ
ಹಲ್ಲಿನಿಂದ ದಾರ ಕಡಿದು,
"ಬಾಳಿಕಿ ಬರೂದು ಅನ್ನವಾ, ಅಷ್ಟ ಸಾಕು."
ಐಶಾನಿ ಅದನ್ನು ಅಂಗೈಯಲ್ಲಿ ಬರೆದುಕೊಂಡಳು.

ಮೊದಲು ವಾರಿಜಕ್ಕ.
ಕಳೆದ ದೀಪಾವಳಿಗೆ ಬಾಗಿಲು ಹಾಕಿದ ತಮ್ಮ ಹೋಟೆಲಿನ
ಹಸಿರು ಚೌಕುಳಿ ಮೇಜುಬಟ್ಟೆ ಈಗ ಅವರ ತುಂಬುತೋಳಿನ ಅಂಗಿ.
ಸಾಂಬಾರಿನದೊಂದು ಕಲೆ ಏನು ಮಾಡಿದರೂ ಹೋಗಲಿಲ್ಲ;
ಎದೆಯ ಮೇಲೆ ಬರುವಂತೆ ನಾನೇ ಕತ್ತರಿಸಿದೆ.
ಆಮೇಲೆ ಸುಲಭಾ ಮ್ಹಾತ್ರೆ, ನಮ್ಮ ಚಾಳಿನವಳು.
ಆಯಿಯ ಒಂಬತ್ತು ವಾರಿಗೆ ಕತ್ತರಿ ತಾಗಿಸಲು ಬಿಡದೆ,
ಕಾಪೂ ನಕೋ, ಕಾಪೂ ನಕೋ ಎಂದು ಹಾಗೇ ಉಟ್ಟು,
ಆಯಿ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಹಾಗೆ
ಬೆಂಚುಗಳನ್ನು ಕಿರುಗುಟ್ಟಿಸಿ ಹೋದಳು.
ಕುಕ್ಯಾನರ ಮೊಮ್ಮಗನದು ಮೈದಾ ಚೀಲದ ಜಾಕೀಟು:
ಬೆನ್ನ ಮೇಲೆ ನಿವ್ವಳ ತೂಕ ಐವತ್ತು ಕಿಲೋ,
ಹುಡುಗ ನಲವತ್ತೊಂದು.

ಕೊನೆಗೆ ಕೌದಿಯ ಕೋಟು.
ನೀಲಗಂಗವ್ವನ ಇಳಕಲ್ ಸೆರಗು, ಗಂಡನ ವಾಚ್‌ಮನ್ ಖಾಕಿ,
ಗುಳೇದಗುಡ್ಡದ ಖಣದ ಚೂರು, ಸೊಸೆಯ ಕಾಲೇಜು ದುಪಟ್ಟಾ,
ಪದರಗಳ ನಡುವೆ, ಕಾಣದಂತೆ, ಒಣರೊಟ್ಟಿಯ ಒಂದು ತುಣುಕು.
ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬಾರದಂತೆ.
ಇದು ಕೋಟಲ್ಲವೇ, ಮಲಗುವವರು ಯಾರು,
ಎಂದೆ ಸೂಜಿಗಳ ಸಂದಿಯಿಂದ.
"ಕೋಟಾದ್ರೇನು, ಹೊಟ್ಟಿ ಹೊಟ್ಟೀನ."

ತೊಡಬೇಕಾದವರು ಸಂಜೀವ ಬಂಗೇರರು, ಎಪ್ಪತ್ತಾರು ವರ್ಷ.
ತೊಟ್ಟರು. ಗುಂಡಿ ಹಾಕಿದೆ. ಕಾಲರು ಸಡಿಲ, ಸೂಜಿ ಚುಚ್ಚಿದೆ.
ಮೆಟ್ಟಿಲಿನ ತನಕ ಬಂದು ನಿಂತುಬಿಟ್ಟರು.
"ಓದಿದ ಬೆಂಚು ಮಾರಾಯ್ತಿ,
ಇದರ ಮೇಲೆ ಕಾಲಿಡಲಿಕ್ಕೆ ನನ್ನಿಂದಾಗುವುದಿಲ್ಲ."
ಐಶಾನಿ ಹೆಸರು ಕರೆದಳು. ಇನ್ನೊಮ್ಮೆ ಕರೆದಳು.
ಅವರು ಚಪ್ಪಲಿ ಬಿಟ್ಟರು,
ಬೆಂಚಿನ ಪಕ್ಕಕ್ಕೆ, ಬರಿ ನೆಲದ ಮೇಲೆ ನಡೆದರು,
ಎಡಗೈ ಜಮಖಾನೆಯ ಅಡಿಗೆ ತೂರಿಸಿ,
ಕರೆಂಟು ಹೋದಾಗ ಗೋಡೆ ಹಿಡಿದು ನಡೆಯುವವರಂತೆ.
ದೀಪದ ಹುಡುಗ ತಿಳಿಯದೆ
ಖಾಲಿ ರ‍್ಯಾಂಪಿಗೇ ಬೆಳಕು ಸುರಿಯುತ್ತಿದ್ದ.
ನಾಲ್ಕನೆಯ ಬೆಂಚಿನ ಹತ್ತಿರ ಕೈ ನಿಂತಿತು.
ತುಟಿ ಮಾತ್ರ ಏನೋ ಎಣಿಸುತ್ತಿತ್ತು.

ತೀರ್ಪುಗಾರರ ಹಾಳೆಯಲ್ಲಿ
ಉಡುಪಿಗೆ ಹತ್ತು, ನಡಿಗೆಗೆ ಹತ್ತು, ಆತ್ಮವಿಶ್ವಾಸಕ್ಕೆ ಐದು.
ಪೆನ್ನಿನ ಹಿಂದಿಯನ್ನು ಕಚ್ಚುತ್ತ ಕೂತಿದ್ದರು.
ಬಹುಮಾನ ಮೈದಾ ಚೀಲಕ್ಕೆ ಹೋಯಿತು.

ಹಗ್ಗ ಬಿಚ್ಚಿದ್ದಾಯಿತು, ಬೆಂಚು ಗೋಡೆಗೆ ಸೇರಿದವು.
ಬಟ್ಟೆಗಳಿಂದ ವಾಪಸು ಬಂದ ಸೂಜಿಗಳನ್ನು ಎಣಿಸಿದೆ: ಆರು.
ಏಳನೆಯದು ಬಂಗೇರರ ಕಾಲರಿನಲ್ಲಿ.
ಅವರು ಕೋಟು ಕಳಚಲಿಲ್ಲ, ಕಳಚಿ ಎಂದು ಯಾರೂ ಹೇಳಲಿಲ್ಲ,
ಈ ಸೆಕೆಯಲ್ಲಿ ಅದನ್ನು ತೊಟ್ಟೇ
ಎಂಟೂ ಹತ್ತರ ಲೋಕಲ್ಲಿನಲ್ಲಿ ನಿಂತಿರುತ್ತಾರೆ ಈಗ,
ಬೆವರುತ್ತ,
ಯಾರ ಭುಜಕ್ಕಾದರೂ ಸೂಜಿ ತಾಗಿ
ಜಗಳ ಆಗದಿದ್ದರೆ ಸಾಕು.