ಹಣ್ಣು, ಕಾಯಿ

ಬಿಳಿಯದು ಹತ್ತು, ಕರಿಯದು ಸಾವಿರ.
ಇವೆರಡರ ಬಗ್ಗೆ ನನಗೂ ದೇವರಿಗೂ ತಕರಾರಿಲ್ಲ.
ಕೆಂಪು ಐವತ್ತು, ಹಸಿರು ಇನ್ನೂರೈವತ್ತು
ಎಂದು ಸೆಕ್ರೆಟರಿ ಆವುಲರೆಡ್ಡಿ
ಗೋಡೆಯ ಮೇಲೆ ಬರೆಸಿದ ದಿನ
ನನ್ನ ಅಂಗೈ ಬೆವೆತದ್ದು ಯಾರಿಗೂ ಕಾಣಲಿಲ್ಲ.

ಚಿಂತಾಮಣಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿ,
ಯೂರಿಯಾ ವಾಸನೆಯ ಮೆಟ್ಟಿಲು, ನಾಲ್ಕು ಮೇಜು.
ರಮ್ಮಿಯವರು ಪೋಕರ್ ಕಲಿತ ವರ್ಷ
ಬಂತು ಆ ಪೆಟ್ಟಿಗೆ, ಐನೂರು ಬಿಲ್ಲೆ.
ಬಿಲ್ಲೆ ಅನ್ನುವವನು ನಾನೊಬ್ಬನೇ.
ಆಡುವವರ ಬಾಯಲ್ಲಿ ಅದು ಕಾಯಿ:
ಕಾಯಿ ಕೊಡಪ್ಪ ಪಿಳ್ಳಪ್ಪ, ಕಾಯಿ ತಗೊಳಪ್ಪ.

ಕಾಯಿ ಅಂದರೆ ಈಗಲೂ ನನ್ನ ಬೆನ್ನು ಚುರ್ರೆನ್ನುತ್ತದೆ.
ಹನ್ನೆರಡರ ವಯಸ್ಸು, ಟೊಮೆಟೊ ಮಂಡಿ, ಬೆಳಗಿನ ನಾಲ್ಕು,
ಹಣ್ಣಿನ ಕ್ರೇಟಿಗೆ ಕಾಯಿ, ಕಾಯಿಯ ಕ್ರೇಟಿಗೆ ಹಣ್ಣು.
ಅಪ್ಪನ ಕೈಯಲ್ಲಿ ಕ್ರೇಟು ಕಟ್ಟುವ ಹಗ್ಗವಿತ್ತು.
ಆಮೇಲೆ ರೈಲ್ವೆಯವರ ಚುಕ್ಕಿ ಪುಸ್ತಕ.
ಇದರೊಳಗೆ ಯಾವ ಅಂಕಿ ಇದೆ ಎಂದರು.
ರಾಗಿ ಚೆಲ್ಲಿದೆ ಸಾರ್ ಎಂದೆ.

ಪೆಟ್ಟಿಗೆ ಬಂದ ರಾತ್ರಿಯೇ ಮನೆಗೆ ಒಯ್ದು
ಲಚ್ಚಿಯ ಮುಂದೆ ಸುರಿದೆ.
ಮಂಡಿಯಲ್ಲಿ ದಿನಗೂಲಿಗೆ ಹಣ್ಣಾರಿಸುವವಳು,
ಮಾತಾಡುತ್ತಲೇ ಎರಡು ಗುಡ್ಡೆ ಮಾಡಿದಳು,
ಯಾಕೆಂದು ಕೇಳಲಿಲ್ಲ.
ಅವಳು ಕಾಯಿ ಎಂದ ಗುಡ್ಡೆಗೆಲ್ಲ
ಅಂಚಿನಲ್ಲಿ ಗರಗಸದ ಒಂದೊಂದು ಕಚ್ಚು.
ನೂರಿಪ್ಪತ್ತು ಕಚ್ಚು. ಬೆಳಗಾಗುವ ಹೊತ್ತಿಗೆ
ಚಾಪೆಯ ಮೇಲೆ ನಯವಾದ ಪುಡಿ,
ಹಸಿರಂತೆ ಅದು.

ಹದಿಮೂರು ವರ್ಷ ಹೆಬ್ಬೆರಳಿಂದ ನೋಡಿದೆ.
ಅದು ಕಂಪನಿ ಗುರುತು ಅಂದುಕೊಂಡರು ಜನ.
ಬಸ್ಸಿನ ಏಜೆಂಟ್ ಮುನಿಶಾಮಿ ಪಣಕ್ಕಿಡುವ ಮುಂಚೆ
ಕಚ್ಚಿಗೊಂದು ಮುತ್ತು ಕೊಡುತ್ತಿದ್ದ.

ಯುಗಾದಿ ಕಳೆದ ವಾರ ಲೆಕ್ಕದಲ್ಲಿ ಆರುನೂರು ಖೋತಾ.
ಸಂಬಳದಲ್ಲಿ ಹಿಡಿದರು.
ಕಚ್ಚಿದ್ದವನ್ನೆಲ್ಲ ಟವೆಲಿನಲ್ಲಿ ಕಟ್ಟಿ ತಂದು
ಮತ್ತೆ ಅವಳ ಮುಂದೆ ಸುರಿದೆ.
ಮೂರು ಹೆಕ್ಕಿ ಪಕ್ಕಕ್ಕಿಟ್ಟಳು: "ಇವು ಹಣ್ಣು."
"ಕಚ್ಚಿದೆಯಲ್ಲೇ?"
"ಕಚ್ಚಿದ್ರೂ ಹಣ್ಣು ಹಣ್ಣೇ."

ನನ್ನ ಗರಗಸದ್ದು ಒರಟು ಗಾಯ.
ಇದು ಗುಂಡಗೆ, ನುಣುಪು, ಪಾಲಿಶ್ ಬೇರೆ.
ಊರಲ್ಲಿ ಇಷ್ಟು ಚೆಂದ ಕೊರೆಯುವವರು
ಜೋಡಿ ರಸ್ತೆಯ ಹಲ್ಲಿನ ಡಾಕ್ಟರು, ಅಶ್ವತ್ಥಯ್ಯನವರು.
ಮೂರನೇ ಮೇಜು, ಕಿಟಕಿ ಕಡೆಯ ಕುರ್ಚಿ.
ಹಿಂದೊಮ್ಮೆ ನನ್ನ ದವಡೆಹಲ್ಲು ಕಿತ್ತು
"ಹಸಿರು ನೀರಲ್ಲಿ ಮುಕ್ಕಳಿಸು" ಎಂದಿದ್ದರು;
ಎರಡು ಲೋಟವಿತ್ತು, ನಾನು ತಪ್ಪು ಲೋಟ ಎತ್ತಿದ್ದೆ.

ಬಾಯಿ ಬಿಟ್ಟರೆ ಕಳ್ಳನೊಬ್ಬ ಸಿಗುತ್ತಾನೆ,
ಕುರುಡನೊಬ್ಬ ಸಿಗುತ್ತಾನೆ,
ಕೆಲಸ ಹೋಗುವುದು ಎರಡನೆಯವನದು.

ಸೋಮವಾರ ಹೋಗಿ ಅವರೆದುರು ಬಾಯಿ ಬಿಟ್ಟೆ.
"ಎಲ್ಲಿ ನೋವು?"
"ಗೊತ್ತಾಗ್ತಿಲ್ಲ ಸಾರ್, ನೀವೇ ನೋಡಿ."
ಕ್ಲೀನ್ ಮಾಡಿದರು. ಫೀಸು ನೂರೈವತ್ತು.
ಮೇಜಿನ ಗಾಜಿನ ಮೇಲೆ ಒಂದು ಬಿಲ್ಲೆ ಇಟ್ಟೆ,
ಕಚ್ಚನ್ನು ಅವರ ಕಡೆ ತಿರುಗಿಸಿ.
"ಇನ್ನೂರೈವತ್ತು ಸಾರ್. ಚಿಲ್ಲರೆ ಕೊಡಿ."
ಫ್ಯಾನು ಎಷ್ಟೋ ಸುತ್ತು ತಿರುಗಿತು.
ಹೊರಗೆ ಯಾರದೋ ಮಗು ಸೂಜಿ ಬೇಡವೆಂದು ಅಳುತ್ತಿತ್ತು.
ಡ್ರಾಯರ್ ಎಳೆದು ನೂರರ ನೋಟು ಕೊಟ್ಟರು,
ನನ್ನ ಮುಖ ನೋಡಲಿಲ್ಲ.
ಇನ್ನೆರಡು ಜೇಬಿನಲ್ಲೇ ಉಳಿದವು, ಮುಂದಿನ ನೋವಿಗೆ.

ಈಗ ಆಟ ಮುಗಿಸಿ ಕೌಂಟರಿಗೆ ಬಂದರೆ
ಅವರ ಬಿಲ್ಲೆಗಳು ಬೇರೆ ಬೇರೆ ಗೋಪುರ.
"ಬಲಕ್ಕೆ ಐವತ್ತರದು," ಎನ್ನುತ್ತಾರೆ ಸಣ್ಣಗೆ,
ಸಿಗರೇಟು ಹುಡುಕುವ ನೆಪದಲ್ಲಿ.
ನಂಬುತ್ತೇನೆ. ಹೆಬ್ಬೆರಳು ಮಾತ್ರ ನನ್ನ ಮಾತು ಕೇಳದೆ
ಒಂದು ಸುತ್ತು ಅಂಚು ಸವರಿಯೇ ಬರುತ್ತದೆ.

ಆ ಸೋಮವಾರ ಲಚ್ಚಿ ಮುದ್ದೆ ತಿರುವುತ್ತ ಕೇಳಿದ್ದಳು,
ಏನಂದ್ರು ಡಾಕ್ಟ್ರು?
ಹಲ್ಲು ಗಟ್ಟಿಯಿದೆ ಅಂದ್ರು,
ಅಂದೆ.